ನೆಗಡಿಯೇ? ಫ್ಲೂ ಜ್ವರವೇ? – ಗುರುತಿಸುವ ಬಗೆ

ಮನುಷ್ಯನನ್ನು ಬಾಧಿಸುವ ಕಾಯಿಲೆಗಳಲ್ಲಿ ನೆಗಡಿಯು ಅತ್ಯಂತ ಸಾಮಾನ್ಯವಾದುದು. ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಬಾರಿ, ಚಿಕ್ಕ ಮಕ್ಕಳಿಗೆ ಅದಕ್ಕಿಂತಲೂ ಹೆಚ್ಚು ಬಾರಿ ಬಂದು ತಾನಾಗಿಯೇ ಹೋಗುವ ಕಾಯಿಲೆ ಇದು. ಇನ್‌ಫ್ಲುಯೆಂಜಾ ಅಥವಾ ಫ್ಲೂ ಜ್ವರವು ಹಾಗಲ್ಲ. ಮೂಗು, ಗಂಟಲು, ಕೆಮ್ಮುಗಳ ಮೂಲಕವೇ ಅದೂ ಪ್ರಕಟವಾಗುವುದರಿಂದ ಮೊದಲ ದಿನ ನೆಗಡಿಯಂತೆಯೇ ತೋರುತ್ತದೆ. ಆದರೆ ಕೆಲವರಲ್ಲಿ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಾಪಾಯವನ್ನು ತಂದೊಡ್ಡಬಲ್ಲದು.

ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಎರಡು ಬಗೆಯ ಹಾನಿಯುಂಟು. ನೆಗಡಿಯನ್ನು ಘೋರ ಕಾಯಿಲೆಯೆಂದು ಭಾವಿಸಿದರೆ ಅನಾವಶ್ಯಕ ಔಷಧಿಗಳಿಗೆ ಹಣ ವ್ಯಯವಾಗುತ್ತದೆ. ಫ್ಲೂ ಜ್ವರವನ್ನು ನೆಗಡಿಯೆಂದು ಭಾವಿಸಿದರೆ ಅಮೂಲ್ಯವಾದ ಮೊದಲ ಎರಡು ದಿನಗಳು ವ್ಯರ್ಥವಾಗುತ್ತವೆ. ಫ್ಲೂ ಜ್ವರಕ್ಕೆ ಲಭ್ಯವಿರುವ ಔಷಧಿಯು ರೋಗಲಕ್ಷಣಗಳು ಕಾಣಿಸಿಕೊಂಡ 48 ಗಂಟೆಗಳೊಳಗೆ ಆರಂಭಿಸಿದಾಗ ಅತ್ಯಂತ ಪರಿಣಾಮಕಾರಿಯಾಗಿರುತ್ತದೆ. ಆದುದರಿಂದ ಈ ವ್ಯತ್ಯಾಸದ ಅರಿವು ವೈದ್ಯರಿಗೆ ಮಾತ್ರವಲ್ಲದೆ ಪ್ರತಿಯೊಂದು ಕುಟುಂಬಕ್ಕೂ ಅವಶ್ಯಕ.

ಎರಡು ಜಿಲ್ಲೆಗಳು, ಎರಡು ಋತುಗಳು

ಮಹಾರಾಷ್ಟ್ರದ ನಾಸಿಕ್ ಹಾಗೂ ಛತ್ರಪತಿ ಸಂಭಾಜಿನಗರ ಜಿಲ್ಲೆಗಳಿಗೂ ಕನ್ನಡಿಗರಿಗೂ ನಿಕಟ ಸಂಬಂಧವಿದೆ. 2023ರಲ್ಲಿ ಹೆಸರು ಬದಲಾಗುವ ತನಕ ಎರಡನೆಯದನ್ನು ಔರಂಗಾಬಾದ್ ಎಂದು ಕರೆಯಲಾಗುತ್ತಿತ್ತು. ತ್ರ್ಯಂಬಕೇಶ್ವರ ಮತ್ತು ಘೃಷ್ಣೇಶ್ವರ ಜ್ಯೋತಿರ್ಲಿಂಗಗಳ ದರ್ಶನಕ್ಕಾಗಿ, ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ದೇವಾಲಯವನ್ನು ನೋಡುವುದಕ್ಕಾಗಿ ಕರ್ನಾಟಕದಿಂದ ಯಾತ್ರಿಕರು ಇಲ್ಲಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ವಿಮಾನ ಕಾರ್ಖಾನೆಯು ನಾಸಿಕ್ ಸಮೀಪದ ಓಝರ್‌ನಲ್ಲಿದೆ. ನಾಸಿಕ್ ರೋಡ್‌ನ ಮುದ್ರಣಾಲಯಗಳು, ದೇವಳಾಲಿಯ ಸೇನಾ ಶಿಕ್ಷಣ ಸಂಸ್ಥೆ ಮುಂತಾದ ಕೇಂದ್ರ ಸರ್ಕಾರದ ಘಟಕಗಳಲ್ಲಿ ದೇಶದ ನಾನಾ ಭಾಗಗಳ ಜನರು ಸೇವೆ ಸಲ್ಲಿಸುತ್ತಾರೆ.

ಈ ಭಾಗದಲ್ಲಿ ಫ್ಲೂ ಜ್ವರವು ವರ್ಷಕ್ಕೆ ಎರಡು ಬಾರಿ ಏರುಮುಖವಾಗುತ್ತದೆ. ಮೊದಲನೆಯದು ಜನವರಿಯಿಂದ ಮಾರ್ಚ್‌ವರೆಗಿನ ಅವಧಿ. ಇದೇ ಕಾಲದಲ್ಲಿ ನಾಸಿಕ್ ಜಿಲ್ಲೆಯ ತೋಟಗಳಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತದೆ. ಅದಕ್ಕೆ ಮುನ್ನ, ಚಳಿಗಾಲದ ತೀವ್ರ ದಿನಗಳಲ್ಲಿ, ನಿಫಾಡ್ ತಾಲ್ಲೂಕಿನಲ್ಲಿ ಉಷ್ಣಾಂಶವು 5 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಗೆ ಇಳಿಯುವುದುಂಟು. ಎರಡನೆಯದು ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಶ್ರಾವಣ ಮಾಸದ ಸೋಮವಾರಗಳಂದು ತ್ರ್ಯಂಬಕೇಶ್ವರದಲ್ಲಿ ಜನಸಂದಣಿ ಸೇರುವುದೂ, ಮಳೆಯಲ್ಲಿ ನೆನೆಯುತ್ತ ಭಕ್ತರು ಬ್ರಹ್ಮಗಿರಿಯ ಪ್ರದಕ್ಷಿಣೆ ಮಾಡುವುದೂ ಈ ಅವಧಿಯಲ್ಲೇ. ಹನ್ನೆರಡು ವರ್ಷಗಳಿಗೊಮ್ಮೆ ಜರುಗುವ ಸಿಂಹಸ್ಥ ಕುಂಭಮೇಳದ ಪ್ರಧಾನ ಸ್ನಾನದ ದಿನಗಳೂ 2015ರಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿಯೇ ಬಂದಿದ್ದವು.

ಮಳೆಯಲ್ಲಿ ನೆನೆಯುವುದರಿಂದಲೇ ಫ್ಲೂ ಬರುತ್ತದೆಂಬ ನಂಬಿಕೆ ಸರಿಯಲ್ಲ. ರೋಗವನ್ನು ಉಂಟುಮಾಡುವುದು ವೈರಸ್. ಮಳೆಗಾಲದಲ್ಲಿ ಜನರು ಗಾಳಿಯಾಡದ ಕೋಣೆ, ಬಸ್ಸು, ಧರ್ಮಛತ್ರಗಳಲ್ಲಿ ಒತ್ತೊತ್ತಾಗಿ ಸೇರುವುದರಿಂದ ಆ ವೈರಸ್ಸಿಗೆ ಒಬ್ಬರಿಂದ ಒಬ್ಬರಿಗೆ ದಾಟುವ ಅವಕಾಶ ಹೆಚ್ಚುತ್ತದೆ.

ಇತಿಹಾಸದ ಪಾಠ

ಫ್ಲೂ ಜ್ವರವನ್ನು ಲಘುವಾಗಿ ಕಾಣಬಾರದೆಂಬುದಕ್ಕೆ ಈ ಪ್ರದೇಶದ ಇತಿಹಾಸವೇ ಸಾಕ್ಷಿ. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನ ಮೂಲಕ ಒಳನಾಡಿಗೆ ಹರಡಿದ ಇನ್‌ಫ್ಲುಯೆಂಜಾ, ಅದೇ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಉಗ್ರರೂಪವನ್ನು ತಾಳಿತು. ಆಗ ನಾಸಿಕ್ ಮುಂಬಯಿ ಪ್ರಾಂತಕ್ಕೂ, ಔರಂಗಾಬಾದ್ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದವು. ಇಡೀ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರು ಮೃತಪಟ್ಟರೆಂದು ಅಂದಾಜು ಮಾಡಲಾಗಿದೆ. 1911ರಿಂದ 1921ರವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಹೆಚ್ಚುವುದಕ್ಕೆ ಬದಲಾಗಿ ಕಡಿಮೆಯಾದುದಕ್ಕೆ ಈ ಪಿಡುಗು ಮುಖ್ಯ ಕಾರಣವಾಗಿತ್ತು.

2009ರಲ್ಲಿ ಎಚ್1ಎನ್1 ಎಂಬ ಹೊಸ ಬಗೆಯ ಫ್ಲೂ ವೈರಸ್ ಜಗತ್ತಿನಾದ್ಯಂತ ಹರಡಿತು. ಜನರು ಅದನ್ನು ಹಂದಿಜ್ವರವೆಂದು ಕರೆದರು. ಭಾರತದಲ್ಲಿ ಅದರಿಂದ ಮೊದಲ ಸಾವು ಸಂಭವಿಸಿದ್ದು 2009ರ ಆಗಸ್ಟ್ 3ರಂದು, ಪುಣೆಯಲ್ಲಿ. ಅದೇ ತಿಂಗಳಿನಲ್ಲಿ ನಾಸಿಕ್‌ನಲ್ಲಿ ವೈದ್ಯರೊಬ್ಬರು ಈ ಸೋಂಕಿಗೆ ಬಲಿಯಾದರು. 2015ರಲ್ಲಿ ದೇಶದಲ್ಲಿ 42,592 ಮಂದಿಗೆ ಎಚ್1ಎನ್1 ಸೋಂಕು ದೃಢಪಟ್ಟು, 2,990 ಮಂದಿ ಮರಣ ಹೊಂದಿದರು. 2017ರಲ್ಲಿ ಮತ್ತೆ ಎರಡು ಸಾವಿರಕ್ಕೂ ಹೆಚ್ಚು ಜನರು ಮೃತರಾದರು. 2023ರ ಆರಂಭದಲ್ಲಿ ಎಚ್3ಎನ್2 ಎಂಬ ಬೇರೊಂದು ಬಗೆಯು ಪ್ರಬಲವಾಗಿ, ಕರ್ನಾಟಕದ ಹಾಸನ ಜಿಲ್ಲೆಯಲ್ಲಿ ವೃದ್ಧರೊಬ್ಬರು ಅದರಿಂದ ತೀರಿಕೊಂಡರು. 2009ರಲ್ಲಿ ಹೊಸದಾಗಿದ್ದ ಎಚ್1ಎನ್1 ಈಗ ಪ್ರತಿ ವರ್ಷವೂ ಸುಳಿದಾಡುವ ಸಾಮಾನ್ಯ ಫ್ಲೂ ವೈರಸ್ಸುಗಳಲ್ಲಿ ಒಂದಾಗಿದೆ.

ಕಾರಣಗಳು ಬೇರೆ ಬೇರೆ

ನೆಗಡಿಗೆ ಕಾರಣವಾಗುವ ವೈರಸ್ಸುಗಳು ನೂರಾರು. ಅವುಗಳಲ್ಲಿ ರೈನೋವೈರಸ್ ಎಂಬ ಗುಂಪು ಪ್ರಮುಖವಾದುದು. ಅದರಲ್ಲೇ ನೂರಕ್ಕೂ ಮಿಕ್ಕಿದ ಪ್ರಭೇದಗಳಿವೆ. ದೇಹದ ಒಳಭಾಗಕ್ಕಿಂತ ತುಸು ತಂಪಾಗಿರುವ ಮೂಗಿನಲ್ಲಿ, ಅಂದರೆ ಸುಮಾರು 33 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ, ಈ ವೈರಸ್ಸುಗಳು ಚೆನ್ನಾಗಿ ವೃದ್ಧಿ ಹೊಂದುತ್ತವೆ. ಆದುದರಿಂದಲೇ ನೆಗಡಿಯ ತೊಂದರೆ ಬಹುಪಾಲು ಮೂಗು ಮತ್ತು ಗಂಟಲಿಗೆ ಸೀಮಿತವಾಗಿರುತ್ತದೆ. ಪ್ರಭೇದಗಳು ಇಷ್ಟು ಹೆಚ್ಚಾಗಿರುವುದರಿಂದ ನೆಗಡಿಗೆ ಲಸಿಕೆಯೂ ಇಲ್ಲ; ಒಮ್ಮೆ ಬಂದರೆ ಮತ್ತೆ ಬರುವುದಿಲ್ಲವೆಂಬ ಭರವಸೆಯೂ ಇಲ್ಲ.

ಫ್ಲೂ ಜ್ವರಕ್ಕೆ ಕಾರಣ ಇನ್‌ಫ್ಲುಯೆಂಜಾ ವೈರಸ್ ಒಂದೇ. ಅದರ ಎ ಮತ್ತು ಬಿ ಎಂಬ ಬಗೆಗಳು ಪ್ರತಿ ವರ್ಷವೂ ಜನರನ್ನು ಬಾಧಿಸುತ್ತವೆ. ಎಚ್1ಎನ್1 ಹಾಗೂ ಎಚ್3ಎನ್2 ಇವೆರಡೂ ಎ ಬಗೆಗೆ ಸೇರಿದವು. ಈ ವೈರಸ್ ಮೂಗು, ಗಂಟಲುಗಳಲ್ಲಿಯೇ ನಿಲ್ಲದೆ ಶ್ವಾಸನಾಳದ ಒಳಪದರವನ್ನೂ ಹಾನಿಗೊಳಿಸುತ್ತದೆ. ಅದನ್ನು ಎದುರಿಸಲು ದೇಹವು ನಡೆಸುವ ತೀವ್ರ ಹೋರಾಟದ ಫಲವೇ ಏರುಜ್ವರ, ಮೈಕೈ ನೋವು ಮತ್ತು ಅತಿಯಾದ ಬಳಲಿಕೆ. ವೈರಸ್ ತನ್ನ ಹೊರಕವಚವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಲೇ ಇರುವುದರಿಂದ ಹಿಂದಿನ ವರ್ಷದ ರೋಗನಿರೋಧಕ ಶಕ್ತಿ ಈ ವರ್ಷಕ್ಕೆ ಸಾಲದೆ ಹೋಗುತ್ತದೆ.

ಗುರುತಿಸುವುದು ಹೇಗೆ?

ಸಾಮಾನ್ಯವಾಗಿ ಕೆಳಕಂಡ ಐದು ಅಂಶಗಳ ಆಧಾರದ ಮೇಲೆ ಇವೆರಡನ್ನೂ ಪ್ರತ್ಯೇಕಿಸಬಹುದು.

1. ಆರಂಭ: ನೆಗಡಿಯು ನಿಧಾನವಾಗಿ ಬರುತ್ತದೆ. ಮೊದಲ ದಿನ ಗಂಟಲು ಕೆರೆತ, ಮರುದಿನ ಸೀನು, ಅನಂತರ ಮೂಗು ಸೋರುವಿಕೆ ಎಂಬಂತೆ ಹಂತ ಹಂತವಾಗಿ ಬೆಳೆಯುತ್ತದೆ. ಫ್ಲೂ ಜ್ವರವು ಹಠಾತ್ತನೆ ಎರಗುತ್ತದೆ. ಬೆಳಿಗ್ಗೆ ಲವಲವಿಕೆಯಿಂದ ಕೆಲಸಕ್ಕೆ ಹೋದವರು ಸಂಜೆಯ ಹೊತ್ತಿಗೆ ಹಾಸಿಗೆ ಹಿಡಿಯುವುದುಂಟು. ಎಷ್ಟು ಗಂಟೆಗೆ ಮೈ ಬಿಸಿಯಾಯಿತೆಂಬುದನ್ನು ಅನೇಕ ರೋಗಿಗಳು ನಿಖರವಾಗಿ ಹೇಳಬಲ್ಲರು.

2. ಜ್ವರ: ವಯಸ್ಕರಲ್ಲಿ ನೆಗಡಿಯಿಂದ ಜ್ವರ ಬರುವುದು ವಿರಳ, ಬಂದರೂ ಅಲ್ಪ ಪ್ರಮಾಣದಲ್ಲಿರುತ್ತದೆ. ಫ್ಲೂನಲ್ಲಿ ಚಳಿಯೊಂದಿಗೆ 101 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ಬಂದು ಮೂರು ನಾಲ್ಕು ದಿನಗಳವರೆಗೆ ಇರುವುದು ಸಾಮಾನ್ಯ. ಆದರೆ ವೃದ್ಧರಲ್ಲಿ ಫ್ಲೂ ಇದ್ದರೂ ಜ್ವರ ಕಾಣಿಸದೆ ಹೋಗಬಹುದು. ಅವರಲ್ಲಿ ಊಟ ಸೇರದಿರುವುದು, ಮಂಕು ಕವಿಯುವುದು, ಮಾತಿನಲ್ಲಿ ಗೊಂದಲ ಇವೇ ಮೊದಲ ಸೂಚನೆಗಳಾಗಿರಬಹುದು.

3. ಮೈಕೈ ನೋವು ಮತ್ತು ಬಳಲಿಕೆ: ನೆಗಡಿಯಾದವರು ತೊಂದರೆಪಟ್ಟರೂ ದೈನಂದಿನ ಕೆಲಸಗಳನ್ನು ನಡೆಸಿಕೊಂಡು ಹೋಗುತ್ತಾರೆ. ಫ್ಲೂ ಬಂದವರಿಗೆ ತಲೆ, ಬೆನ್ನು, ಕೈಕಾಲುಗಳಲ್ಲಿ ತೀವ್ರ ನೋವಿದ್ದು, ಎದ್ದು ನಡೆಯುವುದೇ ಪ್ರಯಾಸವಾಗುತ್ತದೆ.

4. ಮೂಗು ಮತ್ತು ಕೆಮ್ಮು: ಸೀನು, ಮೂಗು ಸೋರುವಿಕೆ, ಮೂಗು ಕಟ್ಟುವಿಕೆ ನೆಗಡಿಯ ಪ್ರಧಾನ ಲಕ್ಷಣಗಳು. ಫ್ಲೂನಲ್ಲಿ ಇವು ಕಡಿಮೆ. ಒಣಕೆಮ್ಮು ಮತ್ತು ಎದೆಯಲ್ಲಿ ಉರಿ ಹೆಚ್ಚು. ಮಕ್ಕಳಲ್ಲಿ ವಾಂತಿ, ಭೇದಿಗಳೂ ಜೊತೆಗೂಡಬಹುದು.

5. ಅವಧಿ: ನೆಗಡಿಯು ಏಳರಿಂದ ಹತ್ತು ದಿನಗಳಲ್ಲಿ ವಾಸಿಯಾಗುತ್ತದೆ. ಫ್ಲೂನಲ್ಲಿ ಜ್ವರ ಇಳಿದ ಮೇಲೂ ಕೆಮ್ಮು ಮತ್ತು ನಿಶ್ಶಕ್ತಿಯು ಎರಡು ವಾರಗಳು ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯಬಹುದು.

ಇವು ಸಾಮಾನ್ಯ ಸೂಚನೆಗಳು ಮಾತ್ರ. ಫ್ಲೂ ಕೆಲವರಲ್ಲಿ ಸೌಮ್ಯವಾಗಿದ್ದು ನೆಗಡಿಯನ್ನೇ ಹೋಲಬಹುದು. ಕೋವಿಡ್ ಸೋಂಕನ್ನಂತೂ ಲಕ್ಷಣಗಳಿಂದಷ್ಟೇ ಫ್ಲೂನಿಂದ ಬೇರ್ಪಡಿಸಲಾಗುವುದಿಲ್ಲ. ಅದಕ್ಕೆ ಪರೀಕ್ಷೆಯೇ ಬೇಕು. ಮಳೆಗಾಲದಲ್ಲಿ ಡೆಂಗ್ಯೂ ಮತ್ತು ಮಲೇರಿಯಾ ಜ್ವರಗಳ ಸಾಧ್ಯತೆಯನ್ನೂ ಮರೆಯಬಾರದು. ಏರುಜ್ವರ ಮತ್ತು ಮೈಕೈ ನೋವಿದ್ದು, ಕೆಮ್ಮಾಗಲೀ ಗಂಟಲು ನೋವಾಗಲೀ ಇಲ್ಲದಿದ್ದಲ್ಲಿ ರಕ್ತಪರೀಕ್ಷೆಗಾಗಿ ವೈದ್ಯರನ್ನು ಕಾಣಬೇಕು.

ಭಾಷೆಯ ತೊಡಕು

ಪರಸ್ಥಳದಲ್ಲಿರುವ ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮಲ್ಲಿ ಶೀತ, ಥಂಡಿ ಎಂಬ ಮಾತುಗಳನ್ನು ನೆಗಡಿಗೂ ಫ್ಲೂಗೂ ಸಮನಾಗಿ ಬಳಸುವಂತೆ ಮರಾಠಿಯಲ್ಲಿ ‘ಸರ್ದಿ’ ಎಂಬ ಮಾತು ಬಳಕೆಯಲ್ಲಿದೆ. ವೈದ್ಯರ ಮುಂದೆ ಕೇವಲ ‘ಸರ್ದಿ’ ಎಂದರೆ ಕಾಯಿಲೆಯ ಪೂರ್ಣ ಚಿತ್ರ ದೊರೆಯುವುದಿಲ್ಲ. ಜ್ವರಕ್ಕೆ ಮರಾಠಿಯಲ್ಲಿ ‘ತಾಪ್’, ಕೆಮ್ಮಿಗೆ ‘ಖೋಕಲಾ’, ಮೈಕೈ ನೋವಿಗೆ ‘ಅಂಗದುಖಿ’, ಏದುಸಿರಿಗೆ ‘ದಮ್ ಲಾಗಣೆ’ ಎನ್ನುತ್ತಾರೆ. ಜ್ವರ ಯಾವ ದಿನ, ಯಾವ ಹೊತ್ತಿಗೆ ಆರಂಭವಾಯಿತು, ಎಷ್ಟು ಡಿಗ್ರಿ ಇತ್ತು, ಉಸಿರಾಟಕ್ಕೆ ತೊಂದರೆಯಿದೆಯೇ, ಮೊದಲೇ ಮಧುಮೇಹ ಅಥವಾ ಹೃದ್ರೋಗವಿದೆಯೇ ಎಂಬ ನಾಲ್ಕು ಸಂಗತಿಗಳನ್ನು ತಪ್ಪದೆ ತಿಳಿಸಬೇಕು.

ಸರ್ಕಾರದ ಮಾರ್ಗಸೂಚಿ: ಮೂರು ವರ್ಗಗಳು

ಫ್ಲೂ ಲಕ್ಷಣವುಳ್ಳ ಪ್ರತಿಯೊಬ್ಬರಿಗೂ ಪ್ರಯೋಗಶಾಲೆಯ ಪರೀಕ್ಷೆ ಅವಶ್ಯವಿಲ್ಲ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯವು 2009ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು.

ಎ ವರ್ಗ: ಅಲ್ಪ ಜ್ವರ, ಕೆಮ್ಮು, ಗಂಟಲು ನೋವು ಇರುವವರು. ಇವರಿಗೆ ಪರೀಕ್ಷೆಯೂ ಬೇಡ, ಫ್ಲೂ ಔಷಧಿಯೂ ಬೇಡ. ಮನೆಯಲ್ಲಿಯೇ ಪ್ರತ್ಯೇಕವಾಗಿದ್ದು ವಿಶ್ರಾಂತಿ ಪಡೆಯಬೇಕು. 24ರಿಂದ 48 ಗಂಟೆಗಳ ಅನಂತರ ವೈದ್ಯರು ಮತ್ತೊಮ್ಮೆ ಪರಿಶೀಲಿಸಬೇಕು.

ಬಿ ವರ್ಗ: ಈ ಲಕ್ಷಣಗಳ ಜೊತೆಗೆ ಏರುಜ್ವರ ಮತ್ತು ತೀವ್ರ ಗಂಟಲು ನೋವು ಇರುವವರು, ಹಾಗೆಯೇ ಲಕ್ಷಣಗಳು ಸೌಮ್ಯವಾಗಿದ್ದರೂ ಅಪಾಯದ ಸಂಭವ ಹೆಚ್ಚಾಗಿರುವವರು. ಗರ್ಭಿಣಿಯರು, ಚಿಕ್ಕ ಮಕ್ಕಳು, 65 ವರ್ಷ ಮೀರಿದವರು, ಶ್ವಾಸಕೋಶ, ಹೃದಯ, ಯಕೃತ್ತು, ಮೂತ್ರಪಿಂಡಗಳ ಕಾಯಿಲೆಯುಳ್ಳವರು, ಮಧುಮೇಹಿಗಳು, ಕ್ಯಾನ್ಸರ್ ರೋಗಿಗಳು ಈ ಎರಡನೆಯ ಗುಂಪಿಗೆ ಸೇರುತ್ತಾರೆ. ಇವರು ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ, ವೈದ್ಯರ ಸಲಹೆಯಂತೆ ಕೂಡಲೇ ಔಷಧಿಯನ್ನು ಆರಂಭಿಸಬೇಕಾಗಬಹುದು.

ಸಿ ವರ್ಗ: ಏದುಸಿರು, ಎದೆನೋವು, ಮಂಪರು, ರಕ್ತದೊತ್ತಡದ ಕುಸಿತ, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು ಈ ಲಕ್ಷಣಗಳಲ್ಲಿ ಯಾವುದಾದರೂ ಇರುವವರು. ಇವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಿ, ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಒಟ್ಟಿಗೆ ಆರಂಭಿಸಬೇಕು.

ಮಕ್ಕಳ ವಿಷಯದಲ್ಲಿ ತಾಯಂದಿರು ಉಸಿರನ್ನು ಎಣಿಸಿ ನೋಡಬೇಕು. ಮಗುವು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸತಕ್ಕದ್ದು. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದಲ್ಲಿ ಅದು ಶ್ವಾಸಕೋಶದ ಸೋಂಕಿನ ಸೂಚನೆ. ಮಗುವು ಹಾಲು ಕುಡಿಯದಿರುವುದು, ಉಸಿರೆಳೆದಾಗ ಪಕ್ಕೆಲುಬುಗಳ ಕೆಳಭಾಗ ಒಳಸೇರುವುದು, ಎಬ್ಬಿಸಿದರೂ ಏಳದಿರುವುದು ಇನ್ನೂ ಗಂಭೀರ ಲಕ್ಷಣಗಳು.

ಜ್ವರವು ಇಳಿದು, ರೋಗಿಯು ಚೇತರಿಸಿಕೊಂಡಂತೆ ಕಂಡು, ಒಂದೆರಡು ದಿನಗಳ ಮೇಲೆ ಜ್ವರವೂ ಕೆಮ್ಮೂ ಮತ್ತೆ ಹೆಚ್ಚಾದರೆ ನ್ಯುಮೋನಿಯಾ ತಲೆದೋರಿರುವ ಸಂಭವವಿದೆ. ಇದು ಬಹಳ ಮಂದಿಯ ಗಮನಕ್ಕೆ ಬಾರದೆ ಹೋಗುವ ಲಕ್ಷಣವಾದುದರಿಂದ ವಿಶೇಷ ಎಚ್ಚರಿಕೆ ಅಗತ್ಯ.

ನಾಸಿಕ್‌ನಲ್ಲಿ ಜಿಲ್ಲಾ ಆಸ್ಪತ್ರೆಯೂ, ಛತ್ರಪತಿ ಸಂಭಾಜಿನಗರದಲ್ಲಿ ‘ಘಾಟಿ’ ಎಂದು ಜನಜನಿತವಾಗಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇವೆ. ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಸಂಖ್ಯೆ ಇದೇ ಆಗಿದೆ.

ಔಷಧಿಗಳ ಬಗ್ಗೆ

ನೆಗಡಿಯನ್ನು ಗುಣಪಡಿಸುವ ಔಷಧಿ ಇಲ್ಲ. ಅದರ ಅವಶ್ಯಕತೆಯೂ ಇಲ್ಲ. ವಿಶ್ರಾಂತಿ, ಬೆಚ್ಚಗಿನ ಗಂಜಿ, ಸಾರು, ನೀರು, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಇಷ್ಟೇ ಸಾಕು. ಶುಂಠಿ, ಮೆಣಸು, ತುಳಸಿಗಳ ಕಷಾಯ ಗಂಟಲಿಗೆ ಹಿತವನ್ನುಂಟುಮಾಡುತ್ತದೆ. ಆದರೆ ಅದು ಫ್ಲೂ ವೈರಸ್ಸನ್ನು ಕೊಲ್ಲುವುದೆಂದು ನಂಬಿ ವೈದ್ಯರ ಭೇಟಿಯನ್ನು ಮುಂದೂಡಬಾರದು. ಬಿಸಿನೀರಿನ ಆವಿ ಹಿಡಿಯುವಾಗ ಮಕ್ಕಳ ಮೇಲೆ ನೀರು ಚೆಲ್ಲಿ ಸುಟ್ಟಗಾಯಗಳಾಗದಂತೆ ಎಚ್ಚರ ವಹಿಸಬೇಕು.

ಜ್ವರ ಮತ್ತು ನೋವಿಗೆ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಫ್ಲೂ ಇರುವ ಮಕ್ಕಳಲ್ಲಿ ಅದು ಮೆದುಳು ಮತ್ತು ಯಕೃತ್ತಿಗೆ ಗಂಭೀರ ಹಾನಿಯನ್ನುಂಟುಮಾಡುವ ಸಂಭವವಿದೆ. ಡೆಂಗ್ಯೂ ಇರಬಹುದೆಂಬ ಶಂಕೆಯಿದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ಮುಂತಾದವನ್ನು ಯಾರೂ ಸೇವಿಸಬಾರದು.

ಆಂಟಿಬಯಾಟಿಕ್ ಔಷಧಿಗಳು ಬ್ಯಾಕ್ಟೀರಿಯಾಗಳನ್ನು ನಾಶಪಡಿಸುತ್ತವೆಯೇ ಹೊರತು ವೈರಸ್ಸುಗಳನ್ನಲ್ಲ. ನೆಗಡಿಗಾಗಲೀ ಫ್ಲೂಗಾಗಲೀ ಅವುಗಳಿಂದ ಪ್ರಯೋಜನವಿಲ್ಲ. 2023ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘವು ಕೆಮ್ಮು, ಜ್ವರಗಳಿಗೆ ಅಜಿತ್ರೋಮೈಸಿನ್ ಮೊದಲಾದ ಮಾತ್ರೆಗಳನ್ನು ಮನಬಂದಂತೆ ಬಳಸುತ್ತಿರುವುದರ ವಿರುದ್ಧ ಎಚ್ಚರಿಕೆ ನೀಡಿತು. ಹೀಗೆ ಬಳಸಿದ ಔಷಧಿಗಳು ನಿಜವಾಗಿ ಬೇಕಾದ ದಿನ ಕೆಲಸ ಮಾಡದೆ ಹೋಗುತ್ತವೆ. ಫ್ಲೂ ಅನಂತರ ನ್ಯುಮೋನಿಯಾ ಉಂಟಾದಾಗ ಮಾತ್ರ ವೈದ್ಯರು ಅವುಗಳನ್ನು ಸೂಚಿಸುತ್ತಾರೆ.

ಫ್ಲೂ ವೈರಸ್ಸಿನ ವಿರುದ್ಧ ಕೆಲಸ ಮಾಡುವ ಮುಖ್ಯ ಔಷಧಿ ಓಸೆಲ್ಟಾಮಿವಿರ್. ಸಾಮಾನ್ಯವಾಗಿ ಇದನ್ನು ಐದು ದಿನಗಳ ಕಾಲ ಕೊಡಲಾಗುತ್ತದೆ. ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಮೂಲಕ ಇದನ್ನು ಉಚಿತವಾಗಿ ಒದಗಿಸಲಾಗುತ್ತದೆ. 2017ರಿಂದ ಔಷಧಿ ಅಂಗಡಿಗಳಲ್ಲಿಯೂ ಇದರ ಮಾರಾಟವನ್ನು ಸುಗಮಗೊಳಿಸಲಾಗಿದ್ದು, ವೈದ್ಯರ ಚೀಟಿ ಕಡ್ಡಾಯ. ತೀವ್ರ ಕಾಯಿಲೆಯಿರುವವರಿಗೆ 48 ಗಂಟೆಗಳು ಮೀರಿದ್ದರೂ ಈ ಔಷಧಿಯನ್ನು ಕೊಡುವುದುಂಟು. ಆದುದರಿಂದ ಕಾಲ ಮಿಂಚಿತೆಂದು ಕೈಚೆಲ್ಲಬಾರದು.

ತಡೆಗಟ್ಟುವ ಕ್ರಮಗಳು

ಫ್ಲೂ ಜ್ವರಕ್ಕೆ ಲಸಿಕೆ ಇದೆ. ವೈರಸ್ ಬದಲಾಗುತ್ತಿರುವುದರಿಂದ ಅದನ್ನು ಪ್ರತಿ ವರ್ಷವೂ ಹಾಕಿಸಿಕೊಳ್ಳಬೇಕು. ದೇಹದಲ್ಲಿ ರಕ್ಷಣೆ ಮೂಡಲು ಸುಮಾರು ಎರಡು ವಾರಗಳು ಬೇಕಾಗುವುದರಿಂದ ಮಳೆಗಾಲಕ್ಕೆ ಮುನ್ನವೇ, ಯಾತ್ರೆ ಹೊರಡುವವರು ಹೊರಡುವ ಮುನ್ನವೇ, ವೈದ್ಯರನ್ನು ವಿಚಾರಿಸುವುದು ಒಳಿತು. ಗರ್ಭಿಣಿಯರು, ವೃದ್ಧರು, ದೀರ್ಘಕಾಲದ ಕಾಯಿಲೆಯುಳ್ಳವರು ಮತ್ತು ಆರೋಗ್ಯ ಸಿಬ್ಬಂದಿಗೆ ಇದು ವಿಶೇಷವಾಗಿ ಉಪಯುಕ್ತ. 2015ರಲ್ಲಿ ಮಹಾರಾಷ್ಟ್ರ ಸರ್ಕಾರವು ಗರ್ಭಿಣಿಯರೇ ಮೊದಲಾದ ಅಪಾಯದ ಗುಂಪಿನವರಿಗೆ ಉಚಿತ ಲಸಿಕೆ ನೀಡುವ ಕಾರ್ಯಕ್ರಮವನ್ನು ಆರಂಭಿಸಿತು.

ಫ್ಲೂ ಸೋಂಕು ತಗುಲಿದ ವ್ಯಕ್ತಿಯು ಲಕ್ಷಣಗಳು ಕಾಣಿಸಿಕೊಳ್ಳುವ ಒಂದು ದಿನ ಮೊದಲಿನಿಂದ ಐದರಿಂದ ಏಳು ದಿನಗಳ ಅನಂತರದವರೆಗೂ ಇತರರಿಗೆ ರೋಗವನ್ನು ಹರಡಬಲ್ಲನು. ಆದುದರಿಂದ ಜ್ವರವಿರುವವರು ಕಾರ್ಖಾನೆಗೆ, ಕಚೇರಿಗೆ, ಶಾಲೆಗೆ ಹೋಗಬಾರದು. ಔಷಧಿಯ ಸಹಾಯವಿಲ್ಲದೆ ಜ್ವರ ಇಳಿದು 24 ಗಂಟೆಗಳಾಗುವವರೆಗಾದರೂ ಮನೆಯಲ್ಲಿರಬೇಕು. ಕೆಮ್ಮುವಾಗ, ಸೀನುವಾಗ ಬಾಯಿ ಮೂಗುಗಳಿಗೆ ಕರವಸ್ತ್ರ ಅಥವಾ ಮೊಣಕೈಯನ್ನು ಅಡ್ಡ ಹಿಡಿಯಬೇಕು. ಕಂಡಕಂಡಲ್ಲಿ ಉಗುಳಬಾರದು. ಕೈಗಳನ್ನು ಸಾಬೂನಿನಿಂದ ಕನಿಷ್ಠ 20 ಸೆಕೆಂಡುಗಳ ಕಾಲ ತೊಳೆಯಬೇಕು. ಮಲಗುವ ಕೋಣೆಯ ಕಿಟಕಿಗಳು ತೆರೆದಿರಲಿ. ಜನಸಂದಣಿಯಲ್ಲಿ ಮಾಸ್ಕ್ ಧರಿಸುವುದು ಕ್ಷೇಮಕರ.

ಯಾತ್ರೆಯ ಸಂಕಲ್ಪ ಮಾಡಿರುವವರಿಗೆ ಅದನ್ನು ಮುಂದೂಡುವುದು ಮನಸ್ಸಿಗೆ ಕಷ್ಟವೆನಿಸುವುದು ಸಹಜ. ಆದರೆ ಜ್ವರವಿರುವಾಗ ಸಾವಿರಾರು ಜನರ ನಡುವೆ ಸಾಲಿನಲ್ಲಿ ನಿಲ್ಲುವುದರಿಂದ ತಮಗೂ, ಪಕ್ಕದಲ್ಲಿ ನಿಂತ ವೃದ್ಧರಿಗೂ, ಕಂಕುಳಿನ ಕೂಸಿಗೂ ಅಪಾಯವನ್ನು ತಂದಂತಾಗುತ್ತದೆ.

ನೆಗಡಿಗೆ ತಾಳ್ಮೆ ಬೇಕು. ಫ್ಲೂ ಜ್ವರಕ್ಕೆ ತ್ವರೆ ಬೇಕು. ಹಠಾತ್ತನೆ ಬಂದ ಏರುಜ್ವರ, ಮೈಕೈ ನೋವು, ಒಣಕೆಮ್ಮು ಈ ಮೂರೂ ಕೂಡಿ ಕಾಣಿಸಿಕೊಂಡಾಗ ಅದನ್ನು ‘ಬರೀ ಶೀತ’ ಎಂದು ತಳ್ಳಿಹಾಕಬಾರದು. ಮನೆಯಲ್ಲಿ ಗರ್ಭಿಣಿ, ಹಸುಳೆ, ವೃದ್ಧರು ಅಥವಾ ಮಧುಮೇಹಿಗಳಿದ್ದು ಅವರಲ್ಲಿ ಈ ಲಕ್ಷಣಗಳು ತೋರಿದರೆ, ಅದೇ ದಿನ ಸಮೀಪದ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು.